ಮೂಡಲಪಾಳ್ಯದಲ್ಲಿ ಸುತ್ತಿದ ಪಿಕಪ್

ಗಣೇಶನ ಹಬ್ಬದ ಕಾರ್ಯಕ್ರಮ ಮುಗಿದು ಎಲ್ಲರೂ ಸಾಮಾನು ಕಟ್ಟುತ್ತಿದ್ದಾಗ ನನಗೆ ವಿಷಯ ತಿಳಿಯಿತು. ಆ ಸಂಜೆ ವಿಜಯನಗರದ ಆ ಬೀದಿಯಲ್ಲಿ ನನ್ನ ಗಿಟಾರ್ ಯಾರಿಗೂ ಕೇಳಿಸಿರಲಿಲ್ಲ. ಹದಿನಾಲ್ಕು ಹಾಡು ಬಾರಿಸಿದ್ದೆ, ಅದೂ ಕಣ್ಣು ಮುಚ್ಚಿಕೊಂಡು, ತಲೆ ಆಡಿಸಿಕೊಂಡು. ಪಕ್ಕದಲ್ಲಿದ್ದ ಪುಟ್ಟ ಸ್ಪೀಕರಿನಲ್ಲಿ ನನಗೆ ಕೇಳುತ್ತಿತ್ತು, ಅಷ್ಟೆ. ಜನರ ಕಡೆಗಿದ್ದ ದೊಡ್ಡ ಸ್ಪೀಕರುಗಳಿಗೆ ಹೋಗುವ ನನ್ನ ಲೈನನ್ನು ಸೌಂಡಿನವನು ಎರಡನೇ ಹಾಡಿಗೇ ಮುಚ್ಚಿಬಿಟ್ಟಿದ್ದ.

"ಬೇಜಾರ್ ಮಾಡ್ಕೋಬೇಡಿ ಅಣ್ಣ. ನಿಮ್ ಲೈನಲ್ಲಿ ಬರೀ ಗುಂಯ್ ಅಂತಿತ್ತು. ಅದರ ಹಿಂದೆ ಎಲ್ಲೋ ಗಿಟಾರು ಸೊಳ್ಳೆ ತರ ಕೇಳ್ತಿತ್ತು," ಎಂದ.

"ಮತ್ತೆ ಆ ಹಳೇ ಹಾಡಲ್ಲಿ ಗಿಟಾರ್ ಭಾಗ ಬಂತಲ್ಲ?"

"ಅದನ್ನ ಕೀಬೋರ್ಡಲ್ಲಿ ಹಾಕಿದ್ರಲ್ಲ ಅಣ್ಣ, ಚೆನ್ನಾಗೇ ಬಂತು."

ನನಗೆ ಮೂಗಿನ ತುದಿಯಲ್ಲೇ ಕೋಪ. ಸೀದಾ ನಮ್ಮ ಆರ್ಕೆಸ್ಟ್ರಾದ ಯಜಮಾನರ ಹತ್ತಿರ ಹೋದೆ. ಅರವತ್ತು ದಾಟಿದವರು, ಹಿಂದೆ ಪಿಟೀಲು ನುಡಿಸುತ್ತಿದ್ದವರು, ಈ ಭಾಗದ ಬಡಾವಣೆಗಳಲ್ಲಿ ಗಣೇಶನ ಪೆಂಡಾಲಿನಿಂದ ರಾಜ್ಯೋತ್ಸವದ ವೇದಿಕೆಯವರೆಗೆ ನಮ್ಮನ್ನು ಕರೆದುಕೊಂಡು ಸುತ್ತುವವರು. ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡು, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಾ ಹೇಳಿದರು: "ನೋಡಯ್ಯಾ, ಆಫ್ ಮಾಡು ಅಂತ ಹೇಳಿದ್ದೇ ನಾನು. ರಾಜ್ಯೋತ್ಸವದ ಹೊತ್ತಿಗೆ ಸರಿ ಮಾಡ್ಕೊಂಡು ಬಾ. ಆಗ್ಲಿಲ್ಲ ಅಂದ್ರೆ ಗಿಟಾರನ್ನೂ ಕೀಬೋರ್ಡಲ್ಲೇ ಹಾಕ್ಕೋತೀವಿ. ನೀನು ರೆಸ್ಟ್ ತಗೋ."

ನಾನು ಜ್ಞಾನಭಾರತಿಯ ಕಡೆ ಒಂದು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತ. ಅಂಕಪಟ್ಟಿಯಲ್ಲಿ ಹೆಸರು ತಪ್ಪಾಗಿದೆ ಎಂದು ಬರುವ ಹುಡುಗರನ್ನು ಬಿಟ್ಟರೆ ಅಲ್ಲಿ ನನ್ನನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಇಪ್ಪತ್ತು ವರ್ಷದಿಂದ ಭಾನುವಾರಗಳು ಮಾತ್ರ ನನ್ನವು. ರೆಸ್ಟ್ ತಗೋ ಎನ್ನುವ ಮಾತು ಎದೆಗೆ ನಾಟಿತು. ಮನೆಗೆ ಬಂದು ಊಟ ಬೇಡ ಎಂದು ಮಲಗಿದೆ.

ಮಾರನೆಯ ದಿನ ಪರೀಕ್ಷಿಸಿದಾಗ ರೋಗ ಸಿಕ್ಕಿತು. ಪಿಕಪ್ ಹೋಗಿತ್ತು. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಗಳ ಕೆಳಗೆ ಬೆರಳುದ್ದದ ಒಂದು ಪೆಟ್ಟಿಗೆ ಇರುತ್ತದಲ್ಲ, ಅದೇ ಪಿಕಪ್. ಒಳಗೆ ಆರು ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ಎಳೆ ಸಾವಿರಾರು ಸುತ್ತು. ತಂತಿ ಅದುರಿದ್ದನ್ನು ಅದು ಹಿಡಿದು ಸ್ಪೀಕರಿಗೆ ಕಳಿಸುತ್ತದೆ. ನನ್ನ ಗಿಟಾರಿನಲ್ಲಿ ಅಂಥವು ಮೂರಿದ್ದರೂ ಆ ಹಳೆಯ ಹಾಡಿನ ಅರ್ಧ ನಿಮಿಷದ ಗಿಟಾರ್ ಭಾಗಕ್ಕೆ ಬೇಕಾದ ದುಂಡನೆಯ ನಾದ ಬರುತ್ತಿದ್ದುದು ಕತ್ತಿನ ಕಡೆಯ ಪಿಕಪ್ಪಿನಿಂದ ಮಾತ್ರ. ಹೋಗಿದ್ದೂ ಅದೇ.

ಹೋದರೆ ಹೋಗಲಿ, ಒಳ್ಳೆಯದನ್ನೇ ತರಿಸೋಣ ಎಂದುಕೊಂಡೆ. ಮೂರು ವಾರ ನನಗೆ ಬೇರೆ ಕೆಲಸವಿರಲಿಲ್ಲ. ಕಚೇರಿಯಲ್ಲಿ, ಬಸ್ಸಿನಲ್ಲಿ, ಊಟದ ಎಲೆಯ ಮುಂದೆ ಕೂತು ವಿಡಿಯೋ ನೋಡಿದೆ. ಒಬ್ಬ ಇದು ಜೇನು ಎನ್ನುತ್ತಾನೆ, ಇನ್ನೊಬ್ಬ ಅದೇ ಪಿಕಪ್ಪನ್ನು ಕೆಸರು ಎನ್ನುತ್ತಾನೆ. ಕೊನೆಗೆ ಎಲ್ಲರಿಗಿಂತ ಜೋರಾಗಿ ಹೊಗಳಿಸಿಕೊಂಡಿದ್ದ ಒಂದು ವಿದೇಶಿ ಪಿಕಪ್ಪನ್ನು ತರಿಸಿ ಹಾಕಿದೆ. ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದ್ದೂ ಆಯಿತು. ಅಭ್ಯಾಸದ ದಿನ ಬಾರಿಸಿದರೆ, ಸದ್ದೇನೋ ಬೇಕಾದಷ್ಟು ಬಂತು. ಆದರೆ ಕಂಬಳಿ ಹೊದ್ದುಕೊಂಡವರು ಒಳಗಿಂದ ಹಾಡಿದ ಹಾಗೆ. ಆರ್ಭಟದ ಸಂಗೀತಕ್ಕೆ ಮಾಡಿದ್ದನ್ನು ನಾನು ಮಧುರ ಗೀತೆಗೆ ತಂದಿದ್ದೆ. ಯಜಮಾನರು ಕೀಬೋರ್ಡಿನವರ ಕಡೆ ನೋಡಿ, "ಆ ಭಾಗ ನೀನು ರೆಡಿ ಇಟ್ಕೊಂಡಿರು," ಎಂದರು. ರಾಜ್ಯೋತ್ಸವಕ್ಕೆ ಆಗ ಇನ್ನೊಂದು ತಿಂಗಳಿತ್ತು.

ಅದೇ ವಾರ ಮನೆಯಲ್ಲಿ ಮಿಕ್ಸಿ ಸುಟ್ಟುಹೋಯಿತು. "ಆ ಗಿಟಾರು ಬಿಟ್ಟು ಇದನ್ನಾದ್ರೂ ಸರಿ ಮಾಡ್ಸ್ಕೊಂಡ್ ಬನ್ನಿ," ಎಂದು ಹೆಂಡತಿ ಚೀಲದಲ್ಲಿ ಹಾಕಿ ಕೊಟ್ಟಳು. ನಮ್ಮ ಮನೆ ಚಂದ್ರಾ ಲೇಔಟಿನಲ್ಲಿ. ಅಲ್ಲಿಂದ ಮೂಡಲಪಾಳ್ಯಕ್ಕೆ ನಡೆದೇ ಹೋಗಬಹುದು. ಅಲ್ಲಿ ಒಂದು ಮೋಟರ್ ವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ. ನಡೆಸುವವರು ಗಂಡ ಹೆಂಡತಿ. ಗಂಡ ಬೈಕಿನಲ್ಲಿ ಪಂಪು ರಿಪೇರಿಗೆ ಹೋಗಿದ್ದ. ಒಳಗೆ ಸುಮಾರು ನನ್ನ ವಯಸ್ಸಿನ ಹೆಂಗಸೊಬ್ಬರು ಕೂತು ಫ್ಯಾನಿನ ಕಾಯಿಲ್ ಸುತ್ತುತ್ತಿದ್ದರು. ಬಲಗೈ ಹಿಡಿಕೆ ತಿರುಗಿಸುತ್ತಿತ್ತು. ಎಡಗೈಯ ಎರಡು ಬೆರಳ ನಡುವೆ ತಂತಿ ಹರಿದು ಹೋಗಿ ಒಂದರ ಪಕ್ಕ ಒಂದು ಕೂರುತ್ತಿತ್ತು. ನಾನು ಮಿಕ್ಸಿ ಕೊಟ್ಟಮೇಲೂ ಹೋಗಲಿಲ್ಲ. ಹತ್ತು ನಿಮಿಷ ಆ ಎರಡು ಬೆರಳನ್ನೇ ನೋಡುತ್ತಾ ನಿಂತಿದ್ದೆ.

"ಮತ್ತೇನ್ರಿ ಸರ?" ಎಂದರು.

"ಅಕ್ಕ, ಕೂದಲಿಗಿಂತ ಸಣ್ಣ ವೈರು ಸುತ್ತೋಕಾಗತ್ತಾ?"

ಅವರಿಗೆ ನಗು ಬಂತು. ಹಾವೇರಿ ಕಡೆಯ ಹಳ್ಳಿಯವರು, ಮೊದಲು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಆರು ವರ್ಷ ರಿಲೇ ಎನ್ನುವ ಪುಟ್ಟ ಸ್ವಿಚ್ಚುಗಳಿಗೆ ಕಾಯಿಲ್ ಸುತ್ತುವುದೇ ಅವರ ಕೆಲಸವಾಗಿತ್ತಂತೆ. ಆ ತಂತಿಯ ಒಂದು ಉರುಳೆ ಇನ್ನೂ ಇತ್ತು. "ತರ್ರಿ, ನೋಡೂಣು," ಎಂದರು.

ಮರುದಿನ ಸತ್ತ ಪಿಕಪ್ ಒಯ್ದೆ. ಅವರು ಮುಚ್ಚಳ ಬಿಚ್ಚಿ, ಕನ್ನಡಕವನ್ನು ಹಣೆಗೆ ಏರಿಸಿ, ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಸರ, ಇದರಾಗ ಕುಂಕುಮ ಐತಲ್ರಿ. ಪೂಜಿ ಮಾಡೀರೇನು?"

ಮಾಡಿದ್ದೆ. ಪ್ರತಿ ವರ್ಷ ಆಯುಧಪೂಜೆಗೆ, ಶ್ರದ್ಧೆಯಿಂದ. ಪಿಕಪ್ಪಿನ ಮುಚ್ಚಳದಲ್ಲಿ ಅಯಸ್ಕಾಂತದ ಆರು ತಲೆಗಳು ಸಾಲಾಗಿ ಕಾಣುತ್ತವೆ. ಬೊಟ್ಟಿಡಲು ಹೇಳಿ ಮಾಡಿಸಿದ ಹಾಗೆ. ಒಂದೊಂದಕ್ಕೂ ಗಂಧ, ಅದರ ಮೇಲೆ ಕುಂಕುಮ, ಕೊನೆಗೆ ಹೂವಿನಲ್ಲಿ ತೀರ್ಥ ಪ್ರೋಕ್ಷಣೆ. ಹನ್ನೊಂದು ವರ್ಷ ಹಾಗೆ ಮಾಡಿದ್ದೆ. ಅದೆಲ್ಲ ಸಂದಿಯಲ್ಲಿ ಇಳಿದು ತಾಮ್ರದ ಎಳೆ ಹಸಿರು ಕಟ್ಟಿ ತುಂಡಾಗಿತ್ತು. ನನ್ನ ಗಿಟಾರಿನ ದನಿಯನ್ನು ನಾನೇ ಭಕ್ತಿಯಿಂದ ಕೊಂದಿದ್ದೆ.

"ನಾನೂ ಈ ಮಷೀನಿಗೆ ಪೂಜಿ ಮಾಡ್ತೀನ್ರಿ. ಹಿಡಿಕಿಗೆ ಹಚ್ತೀನಿ. ತಂತಿಗೆ ಹಚ್ಚಂಗಿಲ್ಲ," ಎಂದರು. ಗದರಿಸುವ ದನಿಯಲ್ಲ, ಆದರೂ ನನ್ನ ಕಿವಿ ಬಿಸಿಯಾಯಿತು.

ಅವರ ಕೆಲಸದ ರೀತಿ ನೋಡಿದ ಮೇಲೆ ವಿಡಿಯೋಗಳ ಪಂಡಿತರೆಲ್ಲ ನನಗೆ ಸಣ್ಣವರಾಗಿ ಕಂಡರು. ಹಳೆಯ ಎಳೆಯನ್ನು ಬಿಸಾಡಲಿಲ್ಲ. ಚೂರೂ ಬಿಡದೆ ಬಿಚ್ಚಿ, ಪಕ್ಕದ ಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದರು. ಹೊಸ ಎಳೆಯಲ್ಲಿ ಇನ್ನೂರು ಸುತ್ತು ಸುತ್ತಿ ಅದನ್ನೂ ತೂಗಿಸಿದರು. ಎರಡನ್ನೂ ಹೋಲಿಸಿ, ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿ, "ಏಳು ಸಾವಿರದ ಮ್ಯಾಲೆ ಐತ್ರಿ," ಎಂದರು. ಸುತ್ತುವಾಗ ಅಂಗಡಿಯ ಫ್ಯಾನು ನಿಲ್ಲಿಸಿದರು, ಗಾಳಿಗೂ ಎಳೆ ತುಂಡಾಗುತ್ತದೆ. ಊರಿನ ಫ್ಯಾನುಗಳನ್ನೆಲ್ಲ ತಿರುಗಿಸಿದವರು ತಾವು ಬೆವರುತ್ತಾ ಕೂತು ನನ್ನ ಕೆಲಸ ಮಾಡಿದರು. ಎಳೆ ಕಣ್ಣಿಗೆ ಕಾಣುತ್ತಿರಲಿಲ್ಲ. ಬೆಳಕು ಬಿದ್ದಾಗ ಮಾತ್ರ ಒಮ್ಮೆ ಮಿಂಚಿ ಮಾಯವಾಗುತ್ತಿತ್ತು. ಒಮ್ಮೆಯೂ ತುಂಡಾಗಲಿಲ್ಲ.

ಶನಿವಾರ ಗಿಟಾರ್ ಮತ್ತು ಪುಟ್ಟ ಸ್ಪೀಕರನ್ನು ಅಲ್ಲಿಗೇ ಒಯ್ದೆ. ಅಂಗಡಿಯಲ್ಲೇ ಬೆಸುಗೆ ಹಾಕಿ ಬಾರಿಸಿದೆ. ಗುಂಯ್ ಸದ್ದು ಹೋಗಿತ್ತು, ದನಿ ಬಂದಿತ್ತು. ಆದರೆ ಸ್ವಲ್ಪ ಮಂಕು. ಅಷ್ಟು ಮಾಡಿದವರ ಮುಂದೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. "ಚೆನ್ನಾಗಿದೆ ಅಕ್ಕ," ಎಂದೆ.

"ನಿಮ್ಮ ಮಾರಿ ಬ್ಯಾರೇನ ಹೇಳಾಕತ್ತೈತಲ್ರಿ."

ಹೇಳಲೇಬೇಕಾಯಿತು. ಎಳೆ ಒಂದರ ಪಕ್ಕ ಒಂದು ತೀರಾ ಅಚ್ಚುಕಟ್ಟಾಗಿ ಕೂತರೆ ದನಿ ಮಂಕಾಗುತ್ತದಂತೆ, ಹಳೆಯ ಕಾಲದ ಒಳ್ಳೆಯ ಪಿಕಪ್ಪುಗಳನ್ನು ಸ್ವಲ್ಪ ಅಡ್ಡಾದಿಡ್ಡಿಯಾಗಿ ಸುತ್ತುತ್ತಿದ್ದರಂತೆ ಎಂದೆ.

ಅವರ ಮುಖ ಬಿಗಿಯಾಯಿತು. "ಅಡ್ಡಾದಿಡ್ಡಿ ಸುತ್ತಿದ್ರ ನಮ್ಮ ಕಾರ್ಖಾನ್ಯಾಗ ಹೊರಗ ಹಾಕ್ತಿದ್ರು ಸರ. ನಾ ಜೀವನದಾಗ ಹೊಲಸ ಕೆಲಸ ಮಾಡಿಲ್ಲ," ಎಂದರು.

ನಾನು ತಲೆ ತಗ್ಗಿಸಿ ಗಿಟಾರನ್ನು ಚೀಲಕ್ಕೆ ಹಾಕತೊಡಗಿದೆ. ಅವರು ತಡೆದರು. "ಚಲೋ ಇದ್ದಾಗ ಹೆಂಗ ಕೇಳತಿತ್ತು, ಅದನ್ನ ಕೇಳಸ್ರಿ." ನನ್ನ ಮೊಬೈಲಿನಲ್ಲಿ ಎಂದೋ ರೆಕಾರ್ಡ್ ಮಾಡಿದ ಒಂದು ಕಾರ್ಯಕ್ರಮವಿತ್ತು. ಇಯರ್‌ಫೋನ್ ಹಾಕಿ ಆ ಅರ್ಧ ನಿಮಿಷವನ್ನು ಕೇಳಿಸಿದೆ. ಅವರು ಕಣ್ಣು ಮುಚ್ಚಿ ಮೂರು ಸಲ ಕೇಳಿದರು. ಹೊರಗೆ ನೀರಿನ ಟ್ಯಾಂಕರ್ ಹಾರ್ನ್ ಹೊಡೆಯುತ್ತಿತ್ತು, ಗಿರಾಕಿಯೊಬ್ಬ ಪಂಪು ಹಿಡಿದು ಕಾಯುತ್ತಿದ್ದ. ಅವರು ಕಣ್ಣು ಬಿಡಲಿಲ್ಲ.

"ತಿಳೀತ್ರಿ," ಎಂದರು ಆಮೇಲೆ. "ಇದಕ್ಕ ಉಸರಾಡಾಕ ಜಾಗ ಬೇಕು. ನಾ ಬಿಗಿ ಹಿಡದೆ. ಶಾವಿಗಿ ಎಳಿಯುವಾಗ ಕೈ ಸಡ್ಲ ಬಿಡ್ತೀವಲ್ರಿ, ಹಂಗ ಬಿಡಬೇಕಿತ್ತು."

ಸುತ್ತಿದ್ದ ಏಳು ಸಾವಿರವನ್ನೂ ಬಿಚ್ಚಿದರು. ನಾನು ಬೇಡ ಎಂದರೂ ಕೇಳಲಿಲ್ಲ. ಈ ಸಲ ಎಡಗೈ ಸುಮ್ಮನಿರಲಿಲ್ಲ. ಬೆರಳು ಆ ಕಡೆ ಈ ಕಡೆ ಮೆಲ್ಲಗೆ ತೂಗುತ್ತಿತ್ತು. ಎಳೆ ಎಲ್ಲೆಲ್ಲೋ ದಾಟಿಕೊಂಡು ಹೋಗಿ ಕೂರುತ್ತಿತ್ತು. ಹೊರಗಿನಿಂದ ನೋಡಿದರೆ ಅದು ಗೋಜಲು. ಆದರೆ ಕೈ ಒಂದೇ ಲಯದಲ್ಲಿತ್ತು. ತಾಳ ತಪ್ಪದ ಅಂಥ ಕೈ ನಮ್ಮ ಆರ್ಕೆಸ್ಟ್ರಾದಲ್ಲಿ ಯಾರಿಗೂ ಇಲ್ಲ, ನನಗಂತೂ ಖಂಡಿತ ಇಲ್ಲ. ಕೊನೆಗೆ ಕರಗಿಸಿದ ಮೇಣದಲ್ಲಿ ಅದ್ದಿ, ಒರೆಸಿ, ನನ್ನ ಅಂಗೈಯಲ್ಲಿಟ್ಟರು. ಮತ್ತೆ ಬೆಸುಗೆ ಹಾಕಿ ಬಾರಿಸಿದೆ. ಎರಡೇ ಸ್ವರ ಬಾರಿಸಿ ನಿಲ್ಲಿಸಿದೆ, ಅದೇ ದುಂಡನೆಯ ನಾದ. ಅವರು ನನ್ನ ಮುಖ ನೋಡಿ, ಎದ್ದು ಫ್ಯಾನ್ ಹಾಕಿದರು.

ರಾಜ್ಯೋತ್ಸವದ ಕಾರ್ಯಕ್ರಮ ಬಸವೇಶ್ವರನಗರದ ಒಂದು ಆಟದ ಮೈದಾನದಲ್ಲಿತ್ತು. ಅಕ್ಕನನ್ನು ಬನ್ನಿ ಎಂದು ಕರೆದಿದ್ದೆ. ಅವರು ಗಂಡನ ಬೈಕಿನಲ್ಲಿ ಬಂದು, ಬಿದಿರಿನ ಕಟಕಟೆಯ ಆಚೆ, ಜನರ ನಡುವೆ ನಿಂತಿದ್ದರು. ಯಜಮಾನರಿಗೆ ನನ್ನ ಮೇಲೆ ನಂಬಿಕೆ ಬಂದಿರಲಿಲ್ಲ. ಗಿಟಾರ್ ಭಾಗಕ್ಕೆ ಕೀಬೋರ್ಡಿನವರು ಸಿದ್ಧರಾಗಿದ್ದರು. ಸೌಂಡಿನವನ ಬೆರಳು ನನ್ನ ಲೈನಿನ ಮೇಲೇ ಇತ್ತು. ಅವನು ಅದನ್ನು ಮೇಲಕ್ಕೆ ಒಯ್ಯುತ್ತಾನೋ ಕೆಳಕ್ಕೋ ನನಗೆ ವೇದಿಕೆಯಿಂದ ತಿಳಿಯುವಂತಿರಲಿಲ್ಲ.

ಐದನೆಯದು ಆ ಹಾಡು. ಗಾಯಕಿ ಎರಡನೇ ಚರಣಕ್ಕೆ ಮುಂಚೆ ನಿಲ್ಲಿಸಿದರು. ನಾನು ಮೊದಲ ಸ್ವರ ಮೀಟಿದೆ. ಅದು ಮೈದಾನದ ಆ ತುದಿಯ ಮನೆಗಳ ಗೋಡೆಗೆ ತಾಗಿ ವಾಪಸ್ಸು ಬಂತು. ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ಕೀಬೋರ್ಡಿನವರ ಕಡೆ ನೋಡಿದೆ. ಅವರು ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೇಳುತ್ತಾ ಕೂತಿದ್ದರು.

ಮುಗಿದ ಮೇಲೆ ಯಜಮಾನರು ವೇದಿಕೆಯ ಹಿಂದೆ ಬಂದರು. "ಯಾವ ಕಂಪನೀದಯ್ಯಾ ಈ ಪಿಕಪ್ಪು? ಆ ಫಾರಿನ್ನಿಂದೇನಾ?"

ಹೌದು ಎನ್ನಲು ನಾಲಿಗೆ ಒಂದು ಕ್ಷಣ ತುರಿಸಿತು, ಸುಳ್ಳು ಹೇಳುವುದಿಲ್ಲ. ಗೆಳೆಯರ ಮುಂದೆ ಅಷ್ಟು ಜಂಬ ಕೊಚ್ಚಿಕೊಂಡಿದ್ದೆ. ಆದರೆ ಕಟಕಟೆಯ ಆಚೆ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿರುವುದು ಕಾಣಿಸಿತು. ಹೋಗಿ ಕರೆದುಕೊಂಡು ಬಂದೆ. "ಇವರು ಸುತ್ತಿದ್ದು ಸಾರ್. ಮೂಡಲಪಾಳ್ಯದಲ್ಲಿ ಮೋಟರ್ ವೈಂಡಿಂಗ್ ಅಂಗಡಿ," ಎಂದೆ.

ಯಜಮಾನರು ಅವರ ಕಡೆ ತಿರುಗಿ, "ನೀವೇನಾಮ್ಮಾ?" ಎಂದರು.

"ಹೌದ್ರಿ. ಇಷ್ಟ ವರ್ಷ ನಾ ಸುತ್ತಿದ್ದೆಲ್ಲಾ ತಿರಗತಿದ್ವು, ನೀರ ಎತ್ತತಿದ್ವು," ಎಂದರು ಅವರು. ನನ್ನ ಗಿಟಾರಿನ ಕಡೆ ಬೆರಳು ಮಾಡಿದರು. "ಇದೊಂದ ಹಾಡ್ತು ನೋಡ್ರಿ."

ಯಜಮಾನರು ಅವರಿಗೆ ಕೈ ಮುಗಿದರು. ಇಪ್ಪತ್ತು ವರ್ಷದಲ್ಲಿ ಅವರು ಒಬ್ಬ ವಾದ್ಯದವನಿಗೂ ಕೈ ಮುಗಿದಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಕೆಂಗೇರಿ ಕಾರ್ಯಕ್ರಮಕ್ಕೆ ಐದಕ್ಕೇ ಬಂದ್ಬಿಡಯ್ಯಾ," ಎಂದರು. "ಇವರಿಗೆ ಮುಂದಿನ ಸಾಲಲ್ಲಿ ಕುರ್ಚಿ ಹಾಕ್ಸು. ನಿಂತ್ಕೊಂಡು ಕೇಳೋದ್ ಬೇಡ."