ಹುಚ್ಚು ಎಂದು ಸಾಕ್ಷಿ ಹೇಳಿದ ಮಾವ

ಮಾವ ಹೊಗಳಿದರೆ ನಮ್ಮ ದೊಡ್ಡಪ್ಪನಿಗೆ ಆಗುವುದಿಲ್ಲ. ವಿನಯ ಗಿನಯ ಏನಲ್ಲ, ಕಾರಣ ಬೇರೆ.

ಸುಟ್ಟುಹೋದ ಮೋಟಾರುಗಳಿಗೆ ತಂತಿ ಸುತ್ತುವುದು ದೊಡ್ಡಪ್ಪನ ಕಸುಬು. ಸುತ್ತಿದ ಮೇಲೆ ಕರೆಂಟು ಸೋರದಂತೆ ತಂತಿಗೆ ರಾಳ ಕುಡಿಸಿ, ಒಲೆಯಲ್ಲಿಟ್ಟು ಒಣಗಿಸಬೇಕು. ಒಣಗುವಷ್ಟರಲ್ಲಿ ಅರ್ಧ ರಾಳ ತೊಟ್ಟಿಕ್ಕಿ ತಟ್ಟೆ ಸೇರಿರುತ್ತದೆ. ನೋಡಿ ನೋಡಿ ರೋಸಿಹೋದ ದೊಡ್ಡಪ್ಪ ಒಂದು ದಿನ, ರಾಳದಲ್ಲಿ ಮುಳುಗಿದ್ದ ಸುರುಳಿಗೇ ಹದವಾಗಿ ಕರೆಂಟು ಕೊಟ್ಟರು. ತಂತಿ ಒಳಗಿನಿಂದ ಬಿಸಿಯಾಗಿ, ರಾಳ ಅಲ್ಲೇ ಕಚ್ಚಿಕೊಂಡು ಗಟ್ಟಿಯಾಯಿತು.

ಈ ಉಪಾಯ ತನ್ನದೆಂದು ಲೋಕ ಒಪ್ಪಬೇಕು ಎಂಬುದೊಂದೇ ಅವರ ಆಸೆ. ಪೇಟೆಂಟಿಗೆ ಅರ್ಜಿ ಹಾಕಿದರು. ‘ಕಸುಬು ಬಲ್ಲ ಯಾರಿಗಾದರೂ ಹೊಳೆಯುವಂಥದ್ದು’ ಎಂದು ಕಚೇರಿ ತಳ್ಳಿಹಾಕಿತು. ದೊಡ್ಡಪ್ಪನಿಗೆ ಮೈಯೆಲ್ಲ ಉರಿಯಿತು. “ಇಷ್ಟು ದಿನ ಯಾರ ತಲೇಲಿ ಮಲಗಿತ್ತಂತೆ ಇದು?” ಎನ್ನುತ್ತಾ ಮೇಲ್ಮನವಿ ಹಾಕಿದರು.

“ನಿಮ್ಮ ಕಸುಬಿನವರು ಯಾರಾದ್ರೂ ಇದನ್ನ ಕೇಳಿ ನಕ್ಕಿದ್ರಾ?” ಎಂದು ದೊಡ್ಡಪ್ಪನ ವಕೀಲೆ ಕೇಳಿದರು. ನಗುವುದೇನು ಬಂತು! ದೊಡ್ಡಮ್ಮನ ತಮ್ಮ, ಅಂದರೆ ನಮ್ಮ ಮಾವ, ಪಕ್ಕದ ಬೀದಿಯಲ್ಲಿ ಅದೇ ಕೆಲಸ ಮಾಡುವವರು, ಬೀದಿಗೆಲ್ಲ ಕೇಳುವಂತೆ ಬೈದಿದ್ದರು.

“ಆ ಬೈಗುಳಾನೇ ಅಲ್ಲಿ ಬಂದು ಹೇಳ್ಲಿ, ಸಾಕು,” ಎಂದರು ವಕೀಲೆ.

ವಿಚಾರಣೆಯ ದಿನ ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು. ನ್ಯಾಯಾಧೀಶರ ಮುಂದೆ ನಿಂತದ್ದೇ ತಡ, ಭಾವನ ಮೇಲೆ ಇಲ್ಲದ ಮರ್ಯಾದೆ ಉಕ್ಕಿತು.

“ನಮ್ಮ ಭಾವ ಭಾರಿ ಬುದ್ಧಿವಂತ್ರು ಸ್ವಾಮಿ. ಕೇಳಿದ ತಕ್ಷಣ ಇದು ಆಗುತ್ತೆ ಅಂತ ನಂಗೆ ಗೊತ್ತಾಯ್ತು. ತುಂಬಾ ಸುಲಭದ ವಿಷಯ!”

ಎದುರು ವಕೀಲರು ಮೀಸೆಯಡಿ ನಕ್ಕರು. ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. ಹಿಂದಿನ ಬೆಂಚಿನಿಂದ ದೊಡ್ಡಮ್ಮ ಎದ್ದೇಬಿಟ್ಟರು.

“ಲೋ, ಅವತ್ತು ಅಂಗಡಿ ಬಾಗಿಲಲ್ಲಿ ನಿಂತ್ಕೊಂಡು ಏನಂದೆ? ಅದನ್ನ ಹೇಳು!”

“ಅಕ್ಕಾ, ದೊಡ್ಡೋರ ಮುಂದೆ ಹೇಗೆ...”

ನ್ಯಾಯಾಧೀಶರು ದೊಡ್ಡಮ್ಮನನ್ನು ಗದರಿ ಕೂರಿಸಿ, “ಏನಂದ್ರಿ, ಹೇಳಿ,” ಎಂದರು.

ಮಾವ ತಲೆ ತಗ್ಗಿಸಿದರು. “ಭಾವಂಗೆ ಹುಚ್ಚು ಹಿಡಿದಿದೆ, ಅಂಗಡಿ ಹತ್ತಿ ಉರಿಯೋಕೆ ಮುಂಚೆ ಅಕ್ಕನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ ಅಂದೆ.”

“ಸುಮ್ನೆ ತಮಾಷೆಗೆ ಅಂದಿದ್ದಾ?” ಎಂದರು ನ್ಯಾಯಾಧೀಶರು.

“ತಮಾಷೆ ಎಲ್ಲಿ ಬಂತು ಸ್ವಾಮಿ? ಅಕ್ಕನ ಬಟ್ಟೆಬರೆ ಸಾಗಿಸೋಕೆ ಗಾಡೀನೂ ತಂದಿದ್ದೆ!”

ನ್ಯಾಯಾಧೀಶರೂ ನಗು ತಡೆಯಲಾರದೆ ಹೋದರು. ‘ಕಸುಬು ಬಲ್ಲವರೇ ಹುಚ್ಚೆಂದು ನಂಬಿದ್ದನ್ನು ಯಾರಿಗಾದರೂ ಹೊಳೆಯುವಂಥದ್ದು ಎನ್ನಲಾಗದು’ ಎಂದು ತೀರ್ಪು ಬಂತು. ದೊಡ್ಡಪ್ಪ ಮಾವನನ್ನು ತಬ್ಬಿಕೊಂಡು ಅತ್ತೇಬಿಟ್ಟರು.

ಅಂದಿನಿಂದ ಹೊಸದೇನು ಹೊಳೆದರೂ ದೊಡ್ಡಪ್ಪ ಮೊದಲು ಮಾವನ ಅಂಗಡಿಗೆ ಓಡುತ್ತಾರೆ. ಮೊನ್ನೆಯೂ ಹೋಗಿದ್ದರು, ಸಪ್ಪೆ ಮೋರೆ ಹಾಕಿಕೊಂಡು ಬಂದರು.

“ಏನಂದ ನನ್ನ ತಮ್ಮ?” ಎಂದರು ದೊಡ್ಡಮ್ಮ.

“ಚೆನ್ನಾಗಿದೆ ಭಾವ, ಅಂದ.”