ಒರಿಸಿಯಾಳ ಕೊಲೆಗಾರನ ಕಾರು

ಹಿಮನಾಡು ಸಸ್ಕಾಚೆವಾನಿನ ಒಂದು ಪುಟ್ಟ ಊರಿನಲ್ಲಿ ಊರವರ ಕೂದಲು ಕತ್ತರಿಸಿಕೊಂಡು ತಣ್ಣಗಿದ್ದ ಒರಿಸಿಯಾ ಹ್ನಾಟಿಯುಕ್, ಐವತ್ತು ದಾಟಿದ ಮೇಲೆ ಕಾದಂಬರಿ ಎಂಬ ಮಹಾಯುದ್ಧಕ್ಕೆ ಇಳಿದಳು. ಗಿರಾಕಿಯ ತಲೆಗೆ ಬಣ್ಣ ಮೆತ್ತಿ, ಅದು ಹಿಡಿಯುವವರೆಗೆ ಮೂಲೆಯಲ್ಲಿ ಕೂತು ಬರೆಯುತ್ತಿದ್ದಳು. ಕೊಲೆಗಾರನಿಗೆ ಚೂರಿ ಹುಡುಕುವ ಭರದಲ್ಲಿ ಪೋಸ್ಟಾಫೀಸಿನವಳ ಕೂದಲು ಹೊಂಬಣ್ಣದ ಬದಲು ಕಿತ್ತಳೆಯಾದದ್ದೂ ಉಂಟು. ಸಾಹಿತ್ಯಕ್ಕಾಗಿ ಯಾರಾದರೂ ತ್ಯಾಗ ಮಾಡಲೇಬೇಕಲ್ಲ!

ಅಂತೂ ಬರೆದು ಮುಗಿಯಿತು. ಮುಖಪುಟ ಸಿದ್ಧವಾಯಿತು, ಗ್ರಂಥಾಲಯದ ಬಾಗಿಲಿಗೆ ಬಿಡುಗಡೆಯ ದಿನಾಂಕ ಅಂಟಿತು. ಸೋಮವಾರ ಪ್ರೆಸ್ಸಿಗೆ ಕಳಿಸುವುದೊಂದೇ ಬಾಕಿ. ಚರ್ಚಿನ ನೆಲಮಾಳಿಗೆಯಲ್ಲಿ ಪೆರೋಗಿ ಕಡುಬು ಮಡಿಸುವ ಹೆಂಗಸರಿಗೆ ಮೊದಲೇ ಓದಲು ಕೊಟ್ಟಿದ್ದಳು. ಶನಿವಾರ ಹೊಗಳಿಸಿಕೊಳ್ಳಲು ಹೋದಳು.

ಆಲೂಗಡ್ಡೆ ಹೂರಣ ತುಂಬುತ್ತಿದ್ದ ಸ್ಟೆಫ್ಕಾ ಅಜ್ಜಿ ತಲೆಯೆತ್ತದೆ ಕೇಳಿದಳು. "ಅಲ್ಲ ಕಣೇ, ನಿನ್ನ ಕೊಲೆಗಾರ ಜನವರಿ ರಾತ್ರಿಯೆಲ್ಲ ಕಾರನ್ನ ಹೊರಗೆ ನಿಲ್ಲಿಸ್ತಾನೆ. ಬೆಳಿಗ್ಗೆ ಕೊಂದು, ಒಂದೇ ಸಲಕ್ಕೆ ಸ್ಟಾರ್ಟ್ ಮಾಡ್ಕೊಂಡು ಓಡಿಹೋಗ್ತಾನೆ. ಪ್ಲಗ್ ಯಾರು ಹಾಕಿದ್ರು? ಹೆಣಾನಾ?"

ಹಿಟ್ಟು ಹಾರುವಷ್ಟು ನಗು. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿಳಿಯುವ ಆ ಊರಿನಲ್ಲಿ, ಕಾರಿನ ಮೂತಿಯಿಂದ ಜೋಲುವ ತಂತಿಯನ್ನು ಕರೆಂಟಿಗೆ ಚುಚ್ಚಿ ಇಂಜಿನ್ ಬೆಚ್ಚಗಿಡದಿದ್ದರೆ ಬೆಳಿಗ್ಗೆ ಕಾರು ಕೆಮ್ಮುವುದೂ ಇಲ್ಲ.

"ಇಲ್ಲೇ ಹುಟ್ಟಿ ಬೆಳೆದೋಳು, ಹೇಗೆ ಮರೆತ್ಯೇ? ನಿನ್ನ ಕಾರಿಗೆ ಪ್ಲಗ್ ಹಾಕಲ್ವಾ?"

"ನಾನಾ? ಅದು... ಮೈರನ್..." ಎಂದಳು ಒರಿಸಿಯಾ. ಮದುವೆಯಾದಂದಿನಿಂದ ಅವಳು ಆ ತಂತಿ ಮುಟ್ಟಿರಲಿಲ್ಲ. ಗಂಡ ಮೈರನ್ ಊಟವಾದ ಮೇಲೆ "ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ" ಎಂದು ಹಿಮದೊಳಗೆ ನಡೆಯುತ್ತಿದ್ದದ್ದು ಯಾವ ಗಾಳಿಗೆ ಎಂದು, ಮನುಷ್ಯರ ಒಳಮನಸ್ಸನ್ನೇ ಬಗೆಯಹೊರಟ ಈ ಕಾದಂಬರಿಗಾರ್ತಿ ಯೋಚಿಸಿರಲೇ ಇಲ್ಲ.

"ಹಾಗಾದ್ರೆ ನನ್ನ ಕೊಲೆಗಾರ ಓಡಿಹೋಗೋ ಹಾಗೇ ಇಲ್ಲ. ನನ್ನ ಕೊನೇ ಅಧ್ಯಾಯ ಮುಳುಗಿತಲ್ಲ ಅಜ್ಜೀ!"

"ಯಾಕೆ ಮುಳುಗುತ್ತೆ? ಪ್ಲಗ್ ಹಾಕೋರು ಯಾರೂ ಇಲ್ದೋನು ಏನ್ ಮಾಡ್ತಾನೆ? ಪಕ್ಕದ ಮನೆ ಬಾಗಿಲು ತಟ್ತಾನೆ. ಅವರು ತಮ್ಮ ಕಾರಿಂದ ಅವನ ಬ್ಯಾಟರಿಗೆ ತಂತಿ ಕೊಡೋ ಮುಂಚೆ ಕಾಫಿ ಕುಡಿಸದೆ ಬಿಡ್ತಾರಾ? ಅಷ್ಟ್ರಲ್ಲಿ ಪೊಲೀಸರು ಬರ್ತಾರೆ, ಅವರಿಗೂ ಕಾಫಿ."

ಒರಿಸಿಯಾ ಅಜ್ಜಿಯ ಹಿಟ್ಟುಗೆನ್ನೆಗೆ ಮುತ್ತಿಟ್ಟು ಮನೆಗೆ ಓಡಿದಳು. ಭಾನುವಾರ ಸಂಜೆಯ ಹೊತ್ತಿಗೆ ಅವಳ ಕೊಲೆಗಾರ, ಎರಡನೇ ತುಂಡು ಕೇಕು ಬಾಯಲ್ಲಿರುವಾಗಲೇ ಸಿಕ್ಕಿಬಿದ್ದಿದ್ದ. ಮೊದಲ ಅಂತ್ಯಕ್ಕಿಂತ ಎಷ್ಟೋ ಚೆನ್ನಾಗಿತ್ತು. ಆಮೇಲೆ ಅರ್ಪಣೆಯ ಪುಟದಿಂದ 'ಕಲಾದೇವಿಯ ಅಡಿದಾವರೆಗಳಿಗೆ' ಎಂಬುದನ್ನು ಅಳಿಸಿ ಹೀಗೆ ಬರೆದಳು: 'ಪ್ರತಿ ಸಂಜೆ ಪ್ಲಗ್ ಹಾಕಿದ ಮೈರನ್‌ಗೆ, ಹಾಕಿದ್ದು ಯಾರೆಂದು ಕೇಳಿದ ಪೆರೋಗಿ ಮೇಜಿನವರಿಗೆ.'

ಮೈರನ್ ಕನ್ನಡಕ ಏರಿಸಿ ಓದಿದ. ಕಿವಿ ಕೆಂಪಾಯಿತು.

"ಇದನ್ನೂ ಅಚ್ಚು ಹಾಕಿಸ್ತಾರೇನೇ?" ಎಂದು ಗೊಣಗಿ, ಟೊಪ್ಪಿಗೆ ಕೈಹಾಕಿದ. "ಸ್ವಲ್ಪ ಗಾಳಿಗೆ..."

"ತಾಳು, ನಾನೂ ಬಂದೆ. ಆ ತಂತಿ ಎಲ್ಲಿದೆ ತೋರಿಸು," ಎಂದಳು ಒರಿಸಿಯಾ ಬೂಟು ಏರಿಸುತ್ತ. "ಎರಡನೇ ಕಾದಂಬರಿಗೆ ಬೇಕಾಗುತ್ತೆ."