ಎರಡು ಸಲ ಕೊಯ್ಯುವ ಹೊಲ

ನಮ್ಮ ನಕ್ಷೆ ಕಚೇರಿಯ ಮೂರನೇ ಕೋಣೆಯಲ್ಲಿ ಮೂವತ್ತೊಂದು ವರ್ಷ ಒಂದೇ ಕುರ್ಚಿಯಲ್ಲಿ ಕೂತ ಮನುಷ್ಯನೊಬ್ಬನಿದ್ದ. ಕುರ್ಚಿಯ ಬೆತ್ತ ಅವನ ಆಕಾರಕ್ಕೆ ಎಷ್ಟು ಒಗ್ಗಿಹೋಗಿತ್ತೆಂದರೆ, ಅವನು ಎದ್ದು ಹೊರಗೆ ಹೋದಾಗಲೂ ಜನ ಬಂದು ಕುರ್ಚಿಗೇ ನಮಸ್ಕಾರ ಹೇಳಿ ಹೋಗುತ್ತಿದ್ದರು. ಅವನನ್ನು ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಬಲಗಣ್ಣಿಗೆ ಸದಾ ಆ ಗಾಜು ಅಂಟಿಕೊಂಡಿರುತ್ತಿದ್ದುದರಿಂದ ಆ ಕಣ್ಣು ಎಡಗಣ್ಣಿನ ಎರಡರಷ್ಟು ಬೆಳೆದಿತ್ತು. ಬೇಕಾದರೆ ಪ್ರಮಾಣ ಮಾಡುತ್ತೇನೆ. ಪಕ್ಕದ ಮೇಜು ನನ್ನದೇ.

ಅವನ ಕೆಲಸ ಹೊಲ ನೋಡುವುದು, ಆದರೆ ಆಕಾಶದಿಂದ. ಬೆಳೆ ಮಾಗುವ ದಿನಗಳಲ್ಲಿ ಇಲಾಖೆಯ ಪುಟ್ಟ ವಿಮಾನ ಹಾರಾಡಿ ಫೋಟೋ ತೆಗೆಯುತ್ತದೆ. ಸಾವಿರಾರು ವರ್ಷದ ಹಿಂದೆ ಜನ ತಮ್ಮ ಊರಿನ ಸುತ್ತ, ಗುಡಿಸಲುಗಳ ಸುತ್ತ ತೋಡಿದ ಕಂದಕಗಳು ಎಂದೋ ಮುಚ್ಚಿಹೋಗಿವೆ. ಆದರೂ ಅಲ್ಲಿ ಮಣ್ಣು ಆಳ, ತೇವ ಜಾಸ್ತಿ. ಮಳೆ ಕೈಕೊಟ್ಟ ವರ್ಷ ಸುತ್ತಲಿನ ಗೋಧಿಯೆಲ್ಲ ಹಳದಿಯಾದರೂ ಕಂದಕದ ಮೇಲಿನ ಗೋಧಿ ಹಸಿರಾಗಿಯೇ ಇರುತ್ತದೆ. ನೆಲದ ಮೇಲೆ ನಿಂತವನಿಗೆ ಅಲ್ಲೊಂದು ತೇಪೆ, ಇಲ್ಲೊಂದು ತೇಪೆ ಕಾಣುತ್ತದೆ, ಅಷ್ಟೆ. ಮೇಲಿನಿಂದ ನೋಡಿದರೆ ಒಂದು ಊರೇ ಕಪ್ಪು ಗೆರೆಯಲ್ಲಿ ಬರೆದಿಟ್ಟಂತೆ ಕಾಣುತ್ತದೆ. ಅದನ್ನು ಪತ್ತೆ ಹಚ್ಚಿ ಪೆನ್ಸಿಲ್ಲಿನಲ್ಲಿ ಗುರುತು ಹಾಕುವವನು ಇವನು.

ಹೀಗೆ ಅವನು ಕಂಡುಹಿಡಿದ ಊರುಗಳು ಇನ್ನೂರು ದಾಟಿದ್ದವು. ಕಚೇರಿ ನೆನಪಿಟ್ಟುಕೊಂಡದ್ದು ಮಾತ್ರ ಒಂದನ್ನೇ. ಹನ್ನೊಂದು ವರ್ಷದ ಹಿಂದೆ ಒಂದು ಹೊಲದಂಚಿನಲ್ಲಿ ಬಹಳ ಅಂದವಾದ ಸುತ್ತೊಂದನ್ನು ಕಂಡು ಗುಡಿಸಲು ಎಂದು ಬರೆದ. ಅಗೆಯುವವರು ಒಂಬತ್ತು ದಿನ ಅಗೆದರು. ಇನ್ನೆರಡು ದಿನ ಬಿಟ್ಟಿದ್ದರೆ ಭೂಮಿಯ ಆಚೆ ಬದಿಯವರ ಅಡುಗೆಮನೆಯಲ್ಲಿ ತಲೆ ಹೊರಗೆ ಹಾಕುತ್ತಿದ್ದರು. ಹತ್ತನೇ ದಿನ ಮುದುಕನೊಬ್ಬ ಬಂದು ಗುಂಡಿಯೊಳಗೆ ಇಣುಕಿ, "ನಮ್ಮ ಕತ್ತೆ ಗೂಟ ಏನಾದ್ರೂ ಸಿಕ್ತಾ?" ಎಂದು ಕೇಳಿದ. ಅವನ ಕತ್ತೆ ಹಗ್ಗ ಎಟುಕಿದಷ್ಟು ದೂರ ವರ್ಷಗಟ್ಟಲೆ ಸುತ್ತಿ, ಗೊಬ್ಬರ ಹಾಕಿ, ಕೈವಾರ ಹಿಡಿದವರಿಗೂ ಬಾರದಂಥ ವೃತ್ತ ಬರೆದಿತ್ತು.

ಅದಾದ ಮೇಲೆ ಗೋಡೆಯ ಮೇಲೆ ಒಂದು ಚೀಟಿ ಬಂತು: ಭೂತಗನ್ನಡಿಯ ಗುರುತು ಬೇರೆ ಬೇರೆ ದಿನದ ಎರಡು ಫೋಟೋಗಳಲ್ಲಿ ಕಂಡರೆ ಮಾತ್ರ ಹಳೆಯ ಊರುಗಳ ಪಟ್ಟಿಗೆ ಸೇರಬೇಕು. ಬೇರೆ ಯಾರಿಗೂ ಈ ನಿಯಮವಿರಲಿಲ್ಲ. ಟೀಯವನು ದಿನಾ ಲೋಟ ಇಡುವಾಗ, "ಕತ್ತೆ ಕ್ಷೇಮನಾ ಸಾರ್?" ಎನ್ನುತ್ತಿದ್ದ. "ಕ್ಷೇಮ, ನಿನ್ನನ್ನ ಕೇಳ್ತಿತ್ತು," ಎಂದು ಇವನೂ ಹೇಳುತ್ತಿದ್ದ. ಆದರೆ ಆ ಹೊತ್ತಿಗೆ ಅವನ ಪೆನ್ಸಿಲ್ಲು ನಿಂತುಬಿಡುತ್ತಿದ್ದುದನ್ನು ನಾನು ನೋಡಿದ್ದೆ.

ನಿವೃತ್ತಿಗೆ ಎರಡು ತಿಂಗಳಿದ್ದಾಗ, ಒಂದು ಸೋಮವಾರ, ಹಿಂದಿನ ವಾರದ ಫೋಟೋಗಳು ಬಂದವು. ಒಂದರ ಮೇಲೆ ಬಗ್ಗಿದವನು ಊಟದ ಹೊತ್ತಾದರೂ ತಲೆ ಎತ್ತಲಿಲ್ಲ. ಆಮೇಲೆ ಫೋಟೋವನ್ನು ಮೆಲ್ಲಗೆ ನನ್ನ ಕಡೆ ಸರಿಸಿದ. ದೊಡ್ಡದೊಂದು ಕಂದಕ, ಒಂದು ಕಡೆ ಬಾಗಿಲಿಗೆಂದು ಬಿಟ್ಟ ಜಾಗ, ಒಳಗೆ ಏಳು ಗುಡಿಸಲ ಸುತ್ತುಗಳು, ಬಾಗಿಲಿನ ಹೊರಗೆ ಇನ್ನೊಂದು ಪುಟ್ಟ ಸುತ್ತು.

"ಇಷ್ಟು ಇಡಿಯಾದ ಊರನ್ನ ನಾನು ನೋಡೇ ಇಲ್ಲ," ಎಂದ. ನಕ್ಷೆ ತೆಗೆದು ಹೊಲದ ನಂಬರು ಹುಡುಕಿದವನು ಕಣ್ಣಿನ ಗಾಜು ತೆಗೆದು ಮೇಜಿನ ಮೇಲಿಟ್ಟ.

"ಯಾರದ್ದು?" ಎಂದೆ.

"ನಮ್ಮಕ್ಕಂದು."

ಅಪ್ಪ ಅಮ್ಮನ ಕಾಲದಿಂದ ಬಂದ ಹೊಲ. ಈಗ ಅಕ್ಕ ನೋಡಿಕೊಳ್ಳುತ್ತಿದ್ದಳು. ವಿಮಾನ ಆ ಕಡೆ ಹಾರಿದ್ದು ಇದೇ ಮೊದಲು. ಚಿಕ್ಕವನಿದ್ದಾಗ ಅವನೇ ಅಲ್ಲಿ ಕಳೆ ಕಿತ್ತಿದ್ದ. ಕೆಲಸ ಸಿಕ್ಕ ಮೇಲೆ ಮಾತ್ರ ಕೊಯ್ಲಿಗೆ ಒಮ್ಮೆಯೂ ಹೋದವನಲ್ಲ, ಏಕೆಂದರೆ ಕೊಯ್ಲಿನ ವಾರವೇ ವಿಮಾನದ ವಾರ.

ಕಚೇರಿಯ ಮುಖ್ಯಸ್ಥೆ ನಮ್ಮ ಮೇಡಂ ಅವನ ಅರ್ಧ ವಯಸ್ಸಿನವರು, ನ್ಯಾಯವಂತರು, ಚೀಟಿಯಲ್ಲಿದ್ದುದನ್ನು ಚಾಚೂ ತಪ್ಪದೆ ಪಾಲಿಸುವವರು.

"ಶುಕ್ರವಾರ ವಿಮಾನ ಮತ್ತೆ ಆ ಕಡೆ ಹೋಗುತ್ತೆ," ಎಂದರು. "ಅದರಲ್ಲೂ ಕಂಡ್ರೆ ಖಂಡಿತ ಸೇರಿಸ್ತೀನಿ. ಅಲ್ಲೀವರೆಗೆ ಬೆಳೆ ನಿಂತಿರುತ್ತಾ?"

"ನಿಲ್ಲಿಸ್ತೀನಿ ಮೇಡಂ."

ಮುಂದಿನ ವರ್ಷ ಎಂಬುದು ಅವನ ಪಾಲಿಗೆ ಇರಲಿಲ್ಲ. ಆ ಕುರ್ಚಿಯಲ್ಲಿ ಕೂತು ಅವನು ಹಾಕಬಹುದಾದ ಕೊನೆಯ ಗುರುತು ಇದು. ಇದು ತಪ್ಪಿದರೆ ಕಚೇರಿಯಲ್ಲಿ ಅವನ ಹೆಸರಿನ ಜೊತೆ ಉಳಿಯುವುದು ಕತ್ತೆ.

ಅಕ್ಕನಿಗೆ ಫೋನು ಮಾಡಿದ. ಆಕೆಯ ದನಿಗೆ ಫೋನು ಬೇಕಾಗಿಯೇ ಇರಲಿಲ್ಲ, ಕಿಟಕಿ ತೆರೆದರೆ ಸಾಕಿತ್ತು. ಅರ್ಧ ಕಚೇರಿಗೆ ಕೇಳಿಸಿತು.

"ಅಕ್ಕಾ, ಶುಕ್ರವಾರದವರೆಗೆ ಗೋಧಿ ಕೊಯ್ಯಬೇಡ."

"ಬುಧವಾರಕ್ಕೆ ಆಳುಗಳಿಗೆ ಹೇಳಿಯಾಗಿದೆಯಲ್ಲೋ."

"ಎರಡೇ ದಿನ. ವಿಮಾನ ಬರುತ್ತೆ, ಫೋಟೋ ತೆಗೀಬೇಕು."

"ಕಾಳು ಉದುರಿಹೋದ್ರೆ ನಿನ್ನ ವಿಮಾನ ಕೆಳಗಿಳಿದು ಆರಿಸಿಕೊಡುತ್ತಾ? ಊಟ ಮಾಡಿದ್ಯಾ? ಸರಿ, ಇಡು."

ಅವನು ಇಡುವ ಮೊದಲೇ ಆಕೆ ಇಟ್ಟಿದ್ದಳು.

ಬುಧವಾರವಿಡೀ ಅವನು ಕಿಟಕಿಯ ಹೊರಗೆ ನೋಡುತ್ತ ಕೂತ. ಗುರುವಾರ ರಜೆ ಹಾಕಿದ. ಒಬ್ಬನನ್ನೇ ಕಳಿಸಲು ಮನಸ್ಸಾಗದೆ ನಾನೂ ಬಸ್ಸು ಹತ್ತಿದೆ. ಮೂರು ಗಂಟೆಯ ದಾರಿಯಲ್ಲಿ ಅವನು ಆಡಿದ್ದು ಒಂದೇ ಮಾತು: "ಕೊಯ್ದಿರ್ತಾಳೆ."

ಕೊಯ್ದಿದ್ದಳು. ಕೊಯ್ದು ಕಟ್ಟಿದ ಸಿವುಡುಗಳು ಬದುವಿನ ಮೇಲೆ ಸಾಲಾಗಿ ನಿಂತಿದ್ದವು, ಹೊಲದ ತುಂಬ ಹಳದಿ ಕೂಳೆ. ಆದರೆ ಆ ಕೂಳೆಯ ನಡುವೆ, ಸೊಂಟದೆತ್ತರಕ್ಕೆ, ಹಸಿರು ಗೋಧಿಯ ಗೋಡೆಯೊಂದು ಸುತ್ತು ಬಳಸಿ ನಿಂತಿತ್ತು. ಒಂದು ಕಡೆ ಬಾಗಿಲು. ಒಳಗೆ ಏಳು ಸುತ್ತುಗಳು. ಮೂವತ್ತೊಂದು ವರ್ಷ ಅಂಗೈಯಗಲದ ಫೋಟೋದಲ್ಲಿ ನೋಡಿದ್ದು ಈಗ ಅವನ ಎದುರಿಗೇ ಎದ್ದು ನಿಂತಿತ್ತು.

ಅಕ್ಕ ಕುಡುಗೋಲು ಹಿಡಿದೇ ಬಂದಳು.

"ಇದನ್ನ ಯಾಕೆ ಬಿಟ್ಟೆ ಅಕ್ಕಾ?" ಅವನ ದನಿ ಅವನಿಗೇ ಕೇಳಿಸಿತೋ ಇಲ್ಲವೋ.

"ನಿನ್ನ ವಿಮಾನಕ್ಕೆ ಅಂದ್ಕೊಂಡ್ಯಾ? ಹಸಿ ಗೋಧಿ ಕೊಯ್ದು ಏನು ಮಾಡ್ಲಿ? ಈ ಹೊಲದ ಹಣೆಬರಹವೇ ಇಷ್ಟು. ಮಳೆ ಕಡಿಮೆಯಾದ ವರ್ಷ ಎರಡು ಸಲ ಕೊಯ್ಯಬೇಕು. ಅಮ್ಮನೂ ಹೀಗೇ ಬಿಡ್ತಿದ್ದಳು."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಕೊಯ್ಲಿಗೆ ಯಾವತ್ತು ಬಂದಿದ್ದೀಯ, ಹೇಳೋಕೆ?"

ಅವನು ಬಾಗಿಲಿನ ಹತ್ತಿರ ಹೋಗಿ, ತಲೆ ಬಗ್ಗಿಸಿ ಒಳಗೆ ಕಾಲಿಟ್ಟ. ಮೇಲೆ ಇದ್ದದ್ದು ಆಕಾಶ ಮಾತ್ರ.

"ಏನೋ, ಅಷ್ಟು ಗಿಡ್ಡ ಬಾಗಿಲಾ?" ಎಂದಳು ಅಕ್ಕ. ಎಂದವಳು ತಾನೂ ಸೆರಗು ಸರಿಮಾಡಿಕೊಂಡು ಹಿಂದೆಯೇ ಹೋದಳು. ಮನೆ ಮನೆಗೂ ಹೋದರು. ಮೂಲೆಯ ಸುತ್ತೊಂದರ ಬಾಗಿಲು ಮಾತ್ರ ಬೇರೆ ಕಡೆ ತಿರುಗಿತ್ತು. ಅಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಇವಳಿಗೆ ಪಕ್ಕದ ಮನೆಯವಳ ಮುಖ ಕಂಡ್ರೆ ಆಗ್ತಿರಲಿಲ್ಲ, ನೋಡು. ಎಷ್ಟು ವರ್ಷದ ಮುನಿಸೋ."

ಕೊನೆಗೆ ಹೊರಗೆ ಬಂದು, ಬದುವಿನ ಹುಲ್ಲಿನಲ್ಲಿದ್ದ ಎಂಟನೆಯ ಪುಟ್ಟ ಸುತ್ತಿನ ಹತ್ತಿರ ಹೋದೆವು. ನಡುವೆ ಒಂದು ಗೂಟ. ಗೂಟಕ್ಕೆ ಒಂದು ಆಡು. ಮೆಲುಕು ಹಾಕುತ್ತ ಅದು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿತು. ನಾನು ಆಕಾಶದಲ್ಲಿ ಏನೋ ಹುಡುಕತೊಡಗಿದೆ.

"ಇದನ್ನ ಎಷ್ಟು ದಿನದಿಂದ ಇಲ್ಲಿ ಕಟ್ತಿದ್ದೀಯ?"

"ಇದರ ಅಜ್ಜಿ ಕಾಲದಿಂದ. ಯಾಕೆ?"

ಅವನು ಬದುವಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಮುಂದಿನ ಸೋಮವಾರ ಎರಡನೇ ಫೋಟೋ ಬಂತು. ಮಸಿಯಲ್ಲಿ ಬರೆದಿದ್ದರೂ ಅಷ್ಟು ನಿಚ್ಚಳವಾಗುತ್ತಿರಲಿಲ್ಲ. ಮೇಡಂ ತಾವೇ ಪಟ್ಟಿ ಹಿಡಿದು ನಮ್ಮ ಕೋಣೆಗೆ ಬಂದು, ಅವನು ಬರೆದದ್ದನ್ನು ಓದಿ, ಉಗುರಿನ ತುದಿಯಲ್ಲಿ ಸುತ್ತುಗಳನ್ನು ಎಣಿಸಿದರು. ಟೀಯವನು ಟ್ರೇ ಹಿಡಿದು ಬಾಗಿಲಲ್ಲೇ ನಿಂತ.

"ಏಳು ಅಂತ ಬರೆದಿದ್ದೀರ. ಎಂಟಿವೆಯಲ್ಲ? ಒಂದು ಬಿಟ್ಟುಹೋಗಿದೆ."

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಎಂಟಕ್ಕೆ ಸಹಿಯೂ ಬೀಳುತ್ತಿತ್ತು.

"ಬೇಕಂತಲೇ ಬಿಟ್ಟಿದ್ದೀನಿ ಮೇಡಂ. ಆ ಮನೆಯವರು ಇನ್ನೂ ಅಲ್ಲೇ ವಾಸ ಇದ್ದಾರೆ."

"ಯಾರು?"

"ನಮ್ಮಕ್ಕನ ಆಡು."

ಮೇಡಂ ಪೆನ್ನು ತೆಗೆದರು. ಏಳಕ್ಕೆ ಸಹಿ ಹಾಕಿದರು. ಆಮೇಲೆ ಗೋಡೆಯ ಹತ್ತಿರ ಹೋಗಿ ಹನ್ನೊಂದು ವರ್ಷದ ಆ ಚೀಟಿಯನ್ನು ಕಿತ್ತರು. ಅದರ ಜೊತೆ ಅಂಗೈಯಷ್ಟು ಸುಣ್ಣವೂ ಉದುರಿತು. ಚೀಟಿಯನ್ನು ಮಡಿಸಿಕೊಂಡು ಹೊರಟುಹೋದರು.

ಟೀಯವನು ಬಂದು ಲೋಟ ಇಟ್ಟ. ಬಾಯಿ ತೆರೆದವನು ಗೋಡೆಯ ಕಡೆ ನೋಡಿ ಮತ್ತೆ ಮುಚ್ಚಿಕೊಂಡ.

"ಯಾಕಪ್ಪ, ಇವತ್ತು ಕತ್ತೆ ವಿಚಾರ ಕೇಳಲಿಲ್ಲ?" ಎಂದ ಭೂತಗನ್ನಡಿ, ಪೆನ್ಸಿಲ್ಲನ್ನು ನಿಲ್ಲಿಸದೆ.